ಹಳೆಯ ಛಾಯಾಚಿತ್ರಗಳಿಗೆ ಹೊಸ ಹಕ್ಕುದಾರರು: ಕೃತಿಸ್ವಾಮ್ಯದ ನೋಟೀಸು ಬಂದಾಗ ವ್ಯಾಪಾರಸ್ಥರು ಅರಿತಿರಬೇಕಾದ ಸಂಗತಿಗಳು

ವ್ಯಾಪಾರಕ್ಕೂ ಚಿತ್ರಕ್ಕೂ ಇರುವ ನಂಟು ಹಳೆಯದು. ಗಿರಾಕಿಗಳಿಗೆ ವರ್ಷವರ್ಷವೂ ಹಂಚುವ ಕ್ಯಾಲೆಂಡರು, ಕಾಳಿನ ಚೀಲದ ಮೇಲಿನ ಗುರುತು, ಸೀರೆಯ ಪೆಟ್ಟಿಗೆ, ಅಂಗಡಿಯ ಫಲಕ ಇವೆಲ್ಲಕ್ಕೂ ಒಂದು ಚಿತ್ರ ಬೇಕು. ಮೊದಲು ಆ ಚಿತ್ರ ಊರಿನ ಎಲ್ಲೆ ದಾಟುತ್ತಿರಲಿಲ್ಲ. ಈಗ ಅದೇ ಕ್ಯಾಲೆಂಡರು ಮೊಬೈಲಿನಲ್ಲಿ, ಅಂತರ್ಜಾಲದಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಚಿತ್ರ ಮಾರಾಟದ ಸಂಸ್ಥೆಗಳು ಚಿತ್ರದಿಂದ ಚಿತ್ರಕ್ಕೆ ಹೋಲಿಸುವ ತಂತ್ರಾಂಶಗಳನ್ನು ಬಳಸಿ, ತಮ್ಮ ಸಂಗ್ರಹದಲ್ಲಿರುವ ಚಿತ್ರವನ್ನು ಯಾರಾದರೂ ಬಳಸಿದ್ದಾರೆಯೇ ಎಂದು ಹುಡುಕಿಸಿ ನೋಟೀಸು ಕಳುಹಿಸುವುದು ಇಂದು ಒಂದು ಪ್ರತ್ಯೇಕ ಉದ್ಯಮವೇ ಆಗಿದೆ. ಅಂಥ ತಂತ್ರಾಂಶವು ಎರಡು ಚಿತ್ರಗಳು ಒಂದೇ ಎಂದು ಹೇಳಬಲ್ಲದು. ಆದರೆ ಆ ಚಿತ್ರದ ಹಕ್ಕು ಯಾರದು, ಅಥವಾ ಹಕ್ಕು ಇನ್ನೂ ಉಳಿದಿದೆಯೇ ಎಂಬುದನ್ನು ಅದು ಹೇಳಲಾರದು. ಹೀಗಾಗಿ ನ್ಯಾಯವಾದ ಬೇಡಿಕೆಗಳ ಜೊತೆಗೆ, ಅವಧಿ ಮುಗಿದು ಸಾರ್ವಜನಿಕರ ಸ್ವತ್ತಾಗಿರುವ ಚಿತ್ರಗಳ ಮೇಲೂ ಹಣದ ಬೇಡಿಕೆ ಬರುವುದುಂಟು.

ನೋಟೀಸು ಬಂದ ಮಾತ್ರಕ್ಕೆ ಹಕ್ಕು ಸಿದ್ಧವಾಗುವುದಿಲ್ಲ. ಹಾಗೆಂದು ಪ್ರತಿಯೊಂದು ನೋಟೀಸೂ ಹುಸಿಯಲ್ಲ. ಎರಡನ್ನೂ ಬೇರ್ಪಡಿಸಿ ನೋಡುವ ಲೆಕ್ಕಾಚಾರವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಉದಾಹರಣೆ

ನರಗುಂದ ತಾಲೂಕಿನ ಚಿಕ್ಕನರಗುಂದದಲ್ಲಿ ಹೆಸರುಕಾಳು, ಕಡಲೆಯ ವ್ಯಾಪಾರ ಮಾಡುವ ಒಬ್ಬ ವ್ಯಾಪಾರಸ್ಥರು ಗದುಗಿನ ಮುದ್ರಣಾಲಯವೊಂದರಲ್ಲಿ ಕ್ಯಾಲೆಂಡರು ಮಾಡಿಸಿದ್ದಾರೆಂದು ಭಾವಿಸಬಹುದು. ಅದರಲ್ಲಿ ಮೂರು ಹಳೆಯ ಛಾಯಾಚಿತ್ರಗಳಿವೆ. ಮೊದಲನೆಯದು ಲಕ್ಕುಂಡಿಯ ದೇವಾಲಯದ್ದು. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಗ್ರಂಥದಿಂದ ತೆಗೆದುಕೊಂಡದ್ದು. ಎರಡನೆಯದು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮಿಗಳ ಭಾವಚಿತ್ರ. ಮೂರನೆಯದು 1980ರ ಜುಲೈ 21ರ ನರಗುಂದ ರೈತ ಬಂಡಾಯದ ಸಂದರ್ಭದಲ್ಲಿ ವೃತ್ತಪತ್ರಿಕೆಯಲ್ಲಿ ಅಚ್ಚಾದ ಚಿತ್ರ. ಮೂರಕ್ಕೂ ಸೇರಿಸಿ 90,000 ರೂಪಾಯಿ ಕೊಡಬೇಕು, ತಪ್ಪಿದಲ್ಲಿ ದಾವೆ ಹೂಡಲಾಗುವುದು ಎಂದು ಚಿತ್ರಸಂಸ್ಥೆಯೊಂದು ನೋಟೀಸು ಕಳುಹಿಸಿದೆ ಎಂದಿಟ್ಟುಕೊಂಡರೆ, ವ್ಯಾಪಾರಸ್ಥರು ಏನು ಮಾಡಬೇಕು? ನೋಡುವವರಿಗೆ ಮೂರೂ ಹಳೆಯ ಚಿತ್ರಗಳೇ. ಕಾನೂನಿನ ದೃಷ್ಟಿಯಲ್ಲಿ ಮೂರರ ಸ್ಥಿತಿಯೂ ಬೇರೆ ಬೇರೆ.

ಅವಧಿಯ ಲೆಕ್ಕ

ಭಾರತದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು ಕೃತಿಸ್ವಾಮ್ಯ ಕಾಯಿದೆ, 1957. ಇದು ಜಾರಿಗೆ ಬಂದದ್ದು 1958ರ ಜನವರಿ 21ರಂದು. ಅದಕ್ಕೆ ಮುಂಚೆ ಇಂಗ್ಲೆಂಡಿನ 1911ರ ಕಾಯಿದೆಯು 1914ರ ಭಾರತೀಯ ಕಾಯಿದೆಯ ಮೂಲಕ ಇಲ್ಲಿ ಅನ್ವಯಿಸುತ್ತಿತ್ತು. ಛಾಯಾಚಿತ್ರಗಳ ಮಟ್ಟಿಗೆ ಅವಧಿಯ ನಿಯಮ ನಾಲ್ಕು ಹಂತಗಳನ್ನು ಕಂಡಿದೆ.

1. ಹಳೆಯ ಕಾಯಿದೆಯಡಿ ಛಾಯಾಚಿತ್ರದ ಹಕ್ಕು ಮೂಲ ನೆಗೆಟಿವ್ ತಯಾರಾದಂದಿನಿಂದ 50 ವರ್ಷ ಮಾತ್ರ ಇತ್ತು. ಹೊಸ ಕಾಯಿದೆ ಜಾರಿಯಾಗುವ ಹೊತ್ತಿಗೆ ಹಕ್ಕು ತೀರಿಹೋಗಿದ್ದ ಕೃತಿಗಳಿಗೆ ಹೊಸ ಕಾಯಿದೆಯು ಮತ್ತೆ ಜೀವ ಕೊಡಲಿಲ್ಲ.

2. 1957ರ ಕಾಯಿದೆಯ 25ನೇ ಕಲಮಿನಂತೆ ಛಾಯಾಚಿತ್ರ ಪ್ರಕಟವಾದ ವರ್ಷದ ಮರುವರ್ಷದ ಆರಂಭದಿಂದ 50 ವರ್ಷಗಳ ಹಕ್ಕು ದೊರೆಯಿತು.

3. 1992ರ ತಿದ್ದುಪಡಿಯು ಈ 50 ವರ್ಷಗಳನ್ನು 60ಕ್ಕೆ ಏರಿಸಿತು. ಇದು 1991ರ ಡಿಸೆಂಬರ್ 28ರಿಂದ ಪೂರ್ವಾನ್ವಯವಾಗಿ ಜಾರಿಗೊಂಡಿತು.

4. 2012ರ ತಿದ್ದುಪಡಿಯು 25ನೇ ಕಲಮನ್ನೇ ತೆಗೆದುಹಾಕಿತು. 2012ರ ಜೂನ್ 21ರಿಂದ ಛಾಯಾಚಿತ್ರಕ್ಕೂ ಚಿತ್ರಕಲೆಯಂತೆಯೇ, ತೆಗೆದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳ ಹಕ್ಕು ಅನ್ವಯವಾಗುತ್ತದೆ.

ಈ ನಾಲ್ಕನ್ನೂ ಕೂಡಿಸಿ ನೋಡಿದರೆ ವ್ಯಾಪಾರಸ್ಥರು ನೆನಪಿಡಬೇಕಾದ ವರ್ಷಗಳು ಎರಡೇ. 1907ರ ಅಂತ್ಯದೊಳಗೆ ತೆಗೆದ ಚಿತ್ರವು ಪ್ರಕಟವಾಗಿರಲಿ, ಆಗದಿರಲಿ, ಅದರ ಹಕ್ಕು 1958ಕ್ಕೆ ಮುಂಚೆಯೇ ಮುಗಿದಿದೆ. ಭಾರತದಲ್ಲಿ 1951 ಅಥವಾ ಅದಕ್ಕೆ ಹಿಂದೆ ಪ್ರಕಟವಾದ ಛಾಯಾಚಿತ್ರದ ಹಕ್ಕು ಹೆಚ್ಚೆಂದರೆ 2011ರ ಡಿಸೆಂಬರ್ 31ಕ್ಕೆ ತೀರಿತು. ಮರುವರ್ಷ ಬಂದ ತಿದ್ದುಪಡಿಯು ತೀರಿಹೋದದ್ದನ್ನು ಮರಳಿಸಲಿಲ್ಲ. ಆದರೆ 1952ರಲ್ಲಿ ಅಥವಾ ಅನಂತರ ಪ್ರಕಟವಾದ ಚಿತ್ರಗಳು ತಿದ್ದುಪಡಿಯ ವೇಳೆಗೆ ಇನ್ನೂ ಹಕ್ಕಿನೊಳಗೇ ಇದ್ದುದರಿಂದ ಅವುಗಳ ಅವಧಿಯನ್ನು ತೆಗೆದವರ ಆಯುಷ್ಯದ ಮೇಲೆ ಎಣಿಸಬೇಕು.

ಇದಕ್ಕೆ ಮೂರು ಷರತ್ತುಗಳುಂಟು. ಸರ್ಕಾರಿ ಪ್ರಕಟಣೆಯ ಕೃತಿಗಳಿಗೆ 28ನೇ ಕಲಮಿನಂತೆ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಆದ್ದರಿಂದ 1964ರವರೆಗೆ ಪ್ರಕಟವಾದ ಸರ್ಕಾರಿ ಛಾಯಾಚಿತ್ರಗಳು ಈಗಾಗಲೇ ಮುಕ್ತವಾಗಿವೆ. ವಿದೇಶಿ ಕೃತಿಗಳಿಗೆ 1999ರ ಅಂತರರಾಷ್ಟ್ರೀಯ ಕೃತಿಸ್ವಾಮ್ಯ ಆದೇಶದ ಮೂಲಕ ಇಲ್ಲಿ ರಕ್ಷಣೆ ದೊರೆಯುತ್ತದೆಯಾದರೂ ಅದರ ಅವಧಿ ಮೂಲ ದೇಶದಲ್ಲಿರುವ ಅವಧಿಯನ್ನು ಮೀರುವಂತಿಲ್ಲ. ಇನ್ನು 1908ರ ನಂತರ ತೆಗೆದು ಎಲ್ಲಿಯೂ ಪ್ರಕಟವಾಗದೆ ಮನೆಯ ಪೆಟ್ಟಿಗೆಯಲ್ಲಿ ಉಳಿದ ಚಿತ್ರಗಳ ಲೆಕ್ಕ ತೊಡಕಿನದು. ಅಲ್ಲಿ ವಕೀಲರ ಅಭಿಪ್ರಾಯ ಪಡೆಯುವುದೇ ಕ್ಷೇಮ.

ಮೂರು ಚಿತ್ರಗಳ ತೀರ್ಮಾನ

ಈಗ ಚಿಕ್ಕನರಗುಂದದ ಉದಾಹರಣೆಗೆ ಬರಬಹುದು. ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವನ್ನು ಲಂಡನ್ನಿನ ಜಾನ್ ಮರ್ರೆ ಪ್ರಕಾಶನ 1866ರಲ್ಲಿ ಹೊರತಂದಿತು. ಅದರ ಛಾಯಾಚಿತ್ರಗಳನ್ನು ತೆಗೆದವರು ಡಾ. ಪಿಗೌ, ಎ. ಸಿ. ಬಿ. ನೀಲ್ ಹಾಗೂ ಕರ್ನಲ್ ಬಿಗ್ಸ್. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದು. ನಮ್ಮ ಭಾಗದ ದೇವಾಲಯಗಳ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಇವು ಸೇರಿವೆ. ಇವುಗಳ ಮೇಲೆ ಇಂದು ಯಾರಿಗೂ ಕೃತಿಸ್ವಾಮ್ಯವಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಹಂಪಿಯ ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಆದ್ದರಿಂದ ಮೊದಲನೆಯ ಚಿತ್ರದ ಬೇಡಿಕೆ ನಿಲ್ಲುವುದಿಲ್ಲ.

ಸಿದ್ಧಾರೂಢರು ಬ್ರಹ್ಮೈಕ್ಯರಾದದ್ದು 1929ರಲ್ಲಿ. ಅವರ ಜೀವಿತಕಾಲದ ಛಾಯಾಚಿತ್ರವು 1951ರೊಳಗೆ ಪುಸ್ತಕದಲ್ಲಿಯೋ ಪತ್ರಿಕೆಯಲ್ಲಿಯೋ ಅಚ್ಚಾಗಿತ್ತು ಎಂದು ತೋರಿಸಿದರೆ ಎರಡನೆಯ ಬೇಡಿಕೆಯೂ ಬಿದ್ದುಹೋಗುತ್ತದೆ. ಇಲ್ಲಿ ಒಂದು ಎಚ್ಚರ ಅಗತ್ಯ. ಹಳೆಯ ಛಾಯಾಚಿತ್ರವನ್ನು ನೋಡಿ ಕಲಾವಿದರೊಬ್ಬರು ಇತ್ತೀಚೆಗೆ ಬರೆದ ವರ್ಣಚಿತ್ರ ಹೊಸ ಕೃತಿಯಾಗುತ್ತದೆ. ಅದರ ಹಕ್ಕು ಆ ಕಲಾವಿದರದು. ಕ್ಯಾಲೆಂಡರಿನ ದೇವರ ಪಟಗಳಲ್ಲಿಯೂ ಇದೇ ವ್ಯತ್ಯಾಸ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವರ ಚಿತ್ರಗಳು ಎಲ್ಲರ ಸ್ವತ್ತು. ಆದರೆ ಕ್ಯಾಲೆಂಡರು ಚಿತ್ರಗಳಿಂದ ಹೆಸರಾದ ಕಲಬುರಗಿಯ ಎಸ್. ಎಂ. ಪಂಡಿತರು ತೀರಿಕೊಂಡದ್ದು 1993ರಲ್ಲಿ. ಅವರ ಕೃತಿಗಳ ಹಕ್ಕು 2053ರ ಅಂತ್ಯದವರೆಗೆ ಇರುತ್ತದೆ.

ಮೂರನೆಯದು, ಅಂದರೆ 1980ರ ಚಿತ್ರ, ಇನ್ನೂ ಹಕ್ಕಿನೊಳಗಿದೆ. ಊರಿನ ಇತಿಹಾಸದ ಚಿತ್ರ, ಎಲ್ಲರೂ ನೋಡಿದ ಚಿತ್ರ ಎಂಬ ಕಾರಣದಿಂದ ಅದು ಸಾರ್ವಜನಿಕ ಸ್ವತ್ತಾಗುವುದಿಲ್ಲ. ಅನುಮತಿ ಇಲ್ಲದೆ ಅದನ್ನು ಅಚ್ಚುಹಾಕಿಸಿದ್ದು ಉಲ್ಲಂಘನೆಯೇ. ಆದರೆ ಹಣ ಕೇಳುವವರು ನಿಜವಾದ ಹಕ್ಕುದಾರರೇ ಎಂಬ ಪ್ರಶ್ನೆ ಉಳಿಯುತ್ತದೆ. 17ನೇ ಕಲಮಿನ (ಎ) ಖಂಡದ ಪ್ರಕಾರ ಪತ್ರಿಕೆಯ ನೌಕರರು ಕೆಲಸದ ಭಾಗವಾಗಿ ತೆಗೆದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಮಾತ್ರ ಮಾಲೀಕರಿಗೆ ಸೇರುತ್ತದೆ. ಉಳಿದ ಎಲ್ಲ ಉಪಯೋಗಗಳಿಗೆ ಛಾಯಾಗ್ರಾಹಕರೇ ಮೊದಲ ಒಡೆಯರು. ಕ್ಯಾಲೆಂಡರು ಪತ್ರಿಕೆಯಲ್ಲ. ಆದ್ದರಿಂದ ಚಿತ್ರಸಂಸ್ಥೆಯು ಛಾಯಾಗ್ರಾಹಕರಿಂದ ಅಥವಾ ಅವರ ವಾರಸುದಾರರಿಂದ ಲಿಖಿತ ವರ್ಗಾವಣೆ ಪಡೆದಿರುವುದನ್ನು ತೋರಿಸಬೇಕಾಗುತ್ತದೆ. 19ನೇ ಕಲಮಿನಂತೆ ಸಹಿ ಇಲ್ಲದ, ಬಾಯಿಮಾತಿನ ವರ್ಗಾವಣೆ ಊರ್ಜಿತವಲ್ಲ.

ಪ್ರತಿ ತೆಗೆದರೆ ಹಕ್ಕು ಹುಟ್ಟುವುದೇ?

ಚಿತ್ರಸಂಸ್ಥೆಗಳ ಸಾಮಾನ್ಯ ವಾದವೊಂದಿದೆ. ಮೂಲ ಚಿತ್ರ ಹಳೆಯದಿರಬಹುದು, ಅದನ್ನು ಸ್ಕ್ಯಾನ್ ಮಾಡಿ ಶುದ್ಧಗೊಳಿಸಿದವರು ನಾವು, ಆದ್ದರಿಂದ ಹಕ್ಕು ನಮ್ಮದು ಎಂಬುದು ಆ ವಾದ. ಕಾಯಿದೆಯ 13ನೇ ಕಲಮು ರಕ್ಷಣೆ ಕೊಡುವುದು ಸ್ವೋಪಜ್ಞ ಕೃತಿಗಳಿಗೆ ಮಾತ್ರ. ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ. ಬಿ. ಮೋಡಕ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರ ಡಿಸೆಂಬರಿನಲ್ಲಿ ಈ ತತ್ತ್ವವನ್ನು ಬಿಡಿಸಿ ಹೇಳಿತು. ನ್ಯಾಯಾಲಯದ ತೀರ್ಪುಗಳು ಸಾರ್ವಜನಿಕ ಸ್ವತ್ತು. ಅವುಗಳನ್ನು ತಿದ್ದಿ ಅಚ್ಚುಹಾಕಲು ಪಟ್ಟ ಶ್ರಮ ಮತ್ತು ಹಾಕಿದ ಬಂಡವಾಳದಿಂದಲೇ ಕೃತಿಸ್ವಾಮ್ಯ ಹುಟ್ಟದು, ಕೌಶಲ ಮತ್ತು ವಿವೇಚನೆಯ ಜೊತೆಗೆ ಅಲ್ಪವಾದರೂ ಸೃಜನಶೀಲತೆ ಇರಬೇಕು ಎಂಬುದು ಅದರ ಸಾರ. ಪ್ರಕಾಶಕರು ತಾವೇ ಸೇರಿಸಿದ ಭಾಗಕ್ಕೆ ಮಾತ್ರ ರಕ್ಷಣೆ ದೊರೆಯಿತು. ಆ ಪ್ರಕರಣ ಛಾಯಾಚಿತ್ರದ್ದಲ್ಲವಾದರೂ ಅದೇ ತತ್ತ್ವದಂತೆ ಇದ್ದದ್ದನ್ನು ಇದ್ದಂತೆಯೇ ಸ್ಕ್ಯಾನ್ ಮಾಡಿದವರಿಗೆ ಹೊಸ ಹಕ್ಕು ಹೇಳಿಕೊಳ್ಳುವುದು ಕಷ್ಟ. ಕಪ್ಪು ಬಿಳುಪಿನ ಚಿತ್ರಕ್ಕೆ ಸ್ವಂತ ಕಲ್ಪನೆಯಿಂದ ಬಣ್ಣ ತುಂಬಿದ್ದರೆ ಆ ಬಣ್ಣದ ಕೆಲಸಕ್ಕೆ ಹಕ್ಕು ಹುಟ್ಟಬಹುದು; ಅಡಿಯಲ್ಲಿರುವ ಮೂಲ ಚಿತ್ರಕ್ಕಲ್ಲ.

ಹೊರದೇಶದ ನ್ಯಾಯಾಲಯಗಳೂ ಇದೇ ದಾರಿಯಲ್ಲಿವೆ. ಬ್ರಿಡ್ಜ್‌ಮನ್ ಸಂಸ್ಥೆ ಮತ್ತು ಕೋರೆಲ್ ಕಂಪನಿಯ ನಡುವಿನ ಪ್ರಕರಣದಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು 1999ರಲ್ಲಿ, ಹಕ್ಕು ಮುಗಿದ ವರ್ಣಚಿತ್ರದ ಯಥಾವತ್ತಾದ ಛಾಯಾಪ್ರತಿಗೆ ಕೃತಿಸ್ವಾಮ್ಯವಿಲ್ಲ ಎಂದು ತೀರ್ಮಾನಿಸಿತು. ಯುರೋಪಿಯನ್ ಒಕ್ಕೂಟವು 2019ರ ನಿರ್ದೇಶನದ 14ನೇ ವಿಧಿಯಲ್ಲಿ ಇದೇ ನಿಯಮವನ್ನು ಸೇರಿಸಿತು.

ಇದೇ ಸಂದರ್ಭದಲ್ಲಿ ಅಮೆರಿಕೆಯ ಛಾಯಾಗ್ರಾಹಕಿ ಕ್ಯಾರೊಲ್ ಹೈಸ್ಮಿತ್ ಅವರ ಪ್ರಕರಣವೂ ಉಲ್ಲೇಖಾರ್ಹ. ತಾವು ತೆಗೆದ ಸಾವಿರಾರು ಚಿತ್ರಗಳನ್ನು ಅವರು ಸಾರ್ವಜನಿಕರ ಉಚಿತ ಬಳಕೆಗಾಗಿ ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಕೊಟ್ಟಿದ್ದರು. 2015ರ ಡಿಸೆಂಬರಿನಲ್ಲಿ, ಅವರೇ ತೆಗೆದ ಚಿತ್ರವನ್ನು ಅವರದೇ ಪ್ರತಿಷ್ಠಾನ ಬಳಸಿದ್ದಕ್ಕೆ 120 ಡಾಲರು ಕೊಡಬೇಕೆಂದು ಚಿತ್ರಸಂಸ್ಥೆಯೊಂದರ ಪರವಾಗಿ ಪತ್ರ ಬಂತು. 2016ರಲ್ಲಿ ಅವರು ಗೆಟ್ಟಿ ಇಮೇಜಸ್ ಮೊದಲಾದ ಸಂಸ್ಥೆಗಳ ಮೇಲೆ ನೂರು ಕೋಟಿ ಡಾಲರಿಗೂ ಮಿಕ್ಕಿದ ದಾವೆ ಹೂಡಿದರು. ಆದರೆ ಕೃತಿಸ್ವಾಮ್ಯ ಕಾನೂನಿನಡಿಯ ಅವರ ಬೇಡಿಕೆಗಳನ್ನು ನ್ಯಾಯಾಲಯ ಅದೇ ವರ್ಷ ತಳ್ಳಿಹಾಕಿತು. ಎಲ್ಲರ ಸ್ವತ್ತಾದ ಚಿತ್ರವನ್ನು ಮಾರುವುದು ಸ್ವತಃ ಅಪರಾಧವಲ್ಲ. ಹಕ್ಕನ್ನು ಬಿಟ್ಟುಕೊಟ್ಟವರಿಗೆ ಅದರ ಉಲ್ಲಂಘನೆಯ ದೂರು ಹೇಳಲು ಅಧಿಕಾರ ಉಳಿಯುವುದಿಲ್ಲ. ಈ ಪ್ರಕರಣದಿಂದ ತಿಳಿಯುವ ಮಾತೆಂದರೆ, ಸುಳ್ಳು ಬೇಡಿಕೆಯ ವಿರುದ್ಧ ನಿಲ್ಲಬೇಕಾದವರು ಬೇಡಿಕೆಗೆ ಗುರಿಯಾದವರೇ. ಅವರಿಗೆ ಭಾರತದ ಕಾನೂನು ಒಂದು ಆಯುಧವನ್ನು ಕೊಟ್ಟಿದೆ.

60ನೇ ಕಲಮಿನ ರಕ್ಷಣೆ

ಕೃತಿಸ್ವಾಮ್ಯದ ಒಡೆಯನೆಂದು ಹೇಳಿಕೊಳ್ಳುವ ವ್ಯಕ್ತಿಯು ಸುತ್ತೋಲೆ, ಜಾಹೀರಾತು ಅಥವಾ ಬೇರಾವುದೇ ರೀತಿಯಲ್ಲಿ ಮತ್ತೊಬ್ಬರಿಗೆ ದಾವೆಯ ಬೆದರಿಕೆ ಒಡ್ಡಿದರೆ, ಬಾಧಿತರು ತಾವೇ ನ್ಯಾಯಾಲಯಕ್ಕೆ ಹೋಗಬಹುದು. ತಾವು ಮಾಡಿದ್ದು ಉಲ್ಲಂಘನೆಯಲ್ಲವೆಂಬ ಘೋಷಣೆ, ಬೆದರಿಕೆ ಮುಂದುವರಿಯದಂತೆ ತಡೆಯಾಜ್ಞೆ ಹಾಗೂ ಬೆದರಿಕೆಯಿಂದ ಆದ ನಷ್ಟಕ್ಕೆ ಪರಿಹಾರ, ಈ ಮೂರನ್ನೂ ಕೇಳಬಹುದು. ನೋಟೀಸು ಕೊಟ್ಟವರು ವಿಳಂಬವಿಲ್ಲದೆ ತಾವೇ ಉಲ್ಲಂಘನೆಯ ದಾವೆ ಹೂಡಿ ನಡೆಸಿದರೆ ಮಾತ್ರ ಈ ಕಲಮು ಅನ್ವಯಿಸುವುದಿಲ್ಲ. ಎಂದರೆ, ಹಕ್ಕಿದೆ ಎನ್ನುವವರು ನ್ಯಾಯಾಲಯದಲ್ಲಿ ಅದನ್ನು ಸಾಬೀತುಪಡಿಸಲಿ, ಇಲ್ಲವೇ ಬೆದರಿಸುವುದನ್ನು ನಿಲ್ಲಿಸಲಿ ಎಂಬುದು ಕಾನೂನಿನ ಆಶಯ.

ಇದರ ಇನ್ನೊಂದು ಮಗ್ಗುಲನ್ನೂ ಮರೆಯುವಂತಿಲ್ಲ. ಹಕ್ಕು ನಿಜವಾಗಿಯೂ ಇದ್ದಲ್ಲಿ ಪರಿಣಾಮ ಗಂಭೀರವಾದದ್ದು. 63ನೇ ಕಲಮಿನಂತೆ ತಿಳಿದು ಮಾಡಿದ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಇದು ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಹೇಳಿದೆ. ಹಕ್ಕಿದೆಯೆಂದು ತಿಳಿಯದೆ, ತಿಳಿಯಲು ಸಕಾರಣವೂ ಇಲ್ಲದೆ ಬಳಸಿದ್ದನ್ನು ಸಾಬೀತುಪಡಿಸಿದವರಿಗೆ 55ನೇ ಕಲಮು ಕೊಂಚ ರಿಯಾಯಿತಿ ಕೊಡುತ್ತದೆ. ಅವರ ವಿರುದ್ಧ ತಡೆಯಾಜ್ಞೆ ಮತ್ತು ಮಾರಾಟದಿಂದ ಬಂದ ಲಾಭದ ವಸೂಲಿ ಮಾತ್ರ ಸಾಧ್ಯ.

ನೋಟೀಸು ಬಂದಾಗ ಅನುಸರಿಸಬೇಕಾದ ಕ್ರಮ

1. ನೋಟೀಸನ್ನು ಕಡೆಗಣಿಸಬಾರದು, ಹೆದರಿ ಕೂಡಲೇ ಹಣವನ್ನೂ ಕೊಡಬಾರದು. ಲಕೋಟೆ, ಮಿಂಚಂಚೆ, ತಲುಪಿದ ದಿನಾಂಕ ಎಲ್ಲವನ್ನೂ ಕಾಯ್ದಿಡಬೇಕು. ದೂರವಾಣಿಯಲ್ಲಿ ತಪ್ಪೊಪ್ಪಿಕೊಳ್ಳುವಂತಹ ಮಾತು ಬೇಡ.

2. ಲಿಖಿತವಾಗಿ ಈ ವಿವರಗಳನ್ನು ಕೇಳಬೇಕು: ಚಿತ್ರ ತೆಗೆದವರಾರು, ಮೊದಲು ಪ್ರಕಟವಾದದ್ದು ಯಾವಾಗ ಮತ್ತು ಎಲ್ಲಿ, ಹಕ್ಕು ಸಂಸ್ಥೆಗೆ ಬಂದ ವರ್ಗಾವಣೆ ಪತ್ರ ಯಾವುದು, ನೋಟೀಸು ಕೊಟ್ಟವರಿಗೆ ಅಧಿಕಾರಪತ್ರ ಇದೆಯೇ. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ. ಇದ್ದರೆ ಅದರ ಪ್ರತಿಯನ್ನೂ ಕೇಳಬೇಕು.

3. ಸಂಸ್ಥೆಯು ಒಡೆಯನೋ, ಅನನ್ಯ ಪರವಾನಗಿ ಪಡೆದದ್ದೋ, ಅಥವಾ ಬರೀ ಮಾರಾಟದ ಪರವಾನಗಿ ಇರುವುದೋ ನೋಡಬೇಕು. 54ನೇ ಕಲಮಿನಂತೆ ದಾವೆಯ ಅಧಿಕಾರ ಮೊದಲಿನ ಇಬ್ಬರಿಗೆ ಮಾತ್ರ.

4. ತಮ್ಮ ಕಡೆಯ ಸಾಕ್ಷ್ಯ ಕೂಡಿಸಬೇಕು. ಹಳೆಯ ಗ್ರಂಥದ ಮುಖಪುಟ, ಮುದ್ರಣವರ್ಷವಿರುವ ಪುಟ, ಚಿತ್ರವಿರುವ ಪುಟ ಇವುಗಳ ನಕಲು ಗ್ರಂಥಾಲಯದಲ್ಲಿ ದೊರೆಯುತ್ತವೆ.

5. ಚಿತ್ರವನ್ನು ಸಂಸ್ಥೆಯಿಂದಲೇ ಷರತ್ತು ಒಪ್ಪಿ ಪಡೆದಿದ್ದರೆ ಆ ಒಪ್ಪಂದ ಬೇರೆಯದೇ ಮಾತು. ಕೃತಿಸ್ವಾಮ್ಯ ಇಲ್ಲದಿದ್ದರೂ ಒಪ್ಪಿದ ಷರತ್ತಿಗೆ ಬದ್ಧತೆ ಬರಬಹುದು. ಆದ್ದರಿಂದ ಮುಕ್ತ ಚಿತ್ರವನ್ನು ಮೂಲ ಗ್ರಂಥದಿಂದ ಅಥವಾ ಉಚಿತವಾಗಿ ಒದಗಿಸುವ ಗ್ರಂಥಾಲಯದಿಂದ ಪಡೆಯುವುದು ಲೇಸು. ಸಂಸ್ಥೆಯ ಹೆಸರಿನ ನೀರಚ್ಚು ಅಳಿಸಿ ಬಳಸುವ ಗೋಜಿಗೆ ಹೋಗಲೇಬಾರದು.

6. ಬೇಡಿಕೆ ನಿರಾಧಾರವೆಂದು ಕಂಡುಬಂದರೆ ವಕೀಲರ ಮೂಲಕ 60ನೇ ಕಲಮನ್ನು ಉಲ್ಲೇಖಿಸಿ ಉತ್ತರ ಕಳುಹಿಸಬೇಕು. ನ್ಯಾಯವಾಗಿದ್ದರೆ ಬಳಕೆ ನಿಲ್ಲಿಸಿ, ಆ ಚಿತ್ರಕ್ಕೆ ಮಾತ್ರ ತಕ್ಕ ಶುಲ್ಕ ನಿಗದಿಪಡಿಸಿ ಇತ್ಯರ್ಥ ಮಾಡಿಕೊಳ್ಳಬೇಕು. ಉಲ್ಲಂಘನೆಯ ಪರಿಹಾರದ ದಾವೆಗೆ ಕಾಲಮಿತಿ ಮೂರು ವರ್ಷ ಎಂಬುದೂ ಗಮನದಲ್ಲಿರಲಿ.

ಲೆಕ್ಕಪತ್ರದ ದೃಷ್ಟಿಯಿಂದ

ಕೊಟ್ಟ ಹಣಕ್ಕೆ ಯಾವ ಹೆಸರಿಡಲಾಗಿದೆ ಎಂಬುದು ಮುಖ್ಯ. ಪರವಾನಗಿ ಶುಲ್ಕವಾದರೆ ಅದು ಸೇವೆಯ ಬೆಲೆ. ನೋಂದಾಯಿತ ಸಂಸ್ಥೆಯು ಜಿಎಸ್‌ಟಿ ಸಂಖ್ಯೆ ಸಹಿತ ತೆರಿಗೆ ಬಿಲ್ಲು ಕೊಡಲೇಬೇಕು. ಬಿಲ್ಲು ಕೊಡಲು ಹಿಂಜರಿಯುವವರ ಬೇಡಿಕೆಯನ್ನು ಇನ್ನಷ್ಟು ಪರೀಕ್ಷಿಸಬೇಕು. ವಿದೇಶಿ ಸಂಸ್ಥೆಗೆ ವ್ಯವಹಾರದ ಸಲುವಾಗಿ ಶುಲ್ಕ ಕೊಟ್ಟಲ್ಲಿ ಜಿಎಸ್‌ಟಿಯನ್ನು ಪಾವತಿದಾರರೇ ತುಂಬುವ ಹೊಣೆ ಬರುತ್ತದೆ. ಆದಾಯ ತೆರಿಗೆಯ ಮೂಲ ಕಡಿತದ ಪ್ರಶ್ನೆಯೂ ಏಳುತ್ತದೆ. ವ್ಯಾಪಾರಕ್ಕಾಗಿ ಕೊಟ್ಟ ಶುಲ್ಕ ಖರ್ಚಾಗಿ ಒಪ್ಪಿತವಾಗುತ್ತದೆ. ಕಾನೂನು ಮುರಿದುದಕ್ಕೆ ತೆತ್ತ ದಂಡ ಒಪ್ಪಿತವಾಗದು. ಆದ್ದರಿಂದ ಇತ್ಯರ್ಥ ಪತ್ರದ ಭಾಷೆಯನ್ನು ಸಹಿಗೆ ಮುಂಚೆಯೇ ಲೆಕ್ಕಪರಿಶೋಧಕರಿಗೆ ತೋರಿಸುವುದು ಉಚಿತ.

ಮುನ್ನೆಚ್ಚರಿಕೆ

ಮುದ್ರಣಾಲಯಕ್ಕೆ ಆದೇಶ ಕೊಡುವಾಗಲೇ, ಬಳಸುವ ಚಿತ್ರದ ಮೂಲ ಯಾವುದೆಂದು ಆದೇಶಪತ್ರದಲ್ಲಿ ಬರೆಯಿಸಬೇಕು. ಮುದ್ರಕರೇ ಚಿತ್ರ ಒದಗಿಸಿದ್ದರೆ ಅದರ ಹಕ್ಕಿನ ಹೊಣೆ ಅವರದೆಂಬ ಒಂದು ಸಾಲು ಸೇರಿಸಬೇಕು. ಅಂಗಡಿ, ಕಾರ್ಖಾನೆ, ಸರಕುಗಳ ಚಿತ್ರವನ್ನು ಸ್ಟುಡಿಯೋದವರಿಂದ ಹಣ ಕೊಟ್ಟು ತೆಗೆಸಿದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, 17ನೇ ಕಲಮಿನ (ಬಿ) ಖಂಡದಂತೆ ತೆಗೆಸಿದವರೇ ಮೊದಲ ಒಡೆಯರು. ಆ ಬಿಲ್ಲನ್ನು ಜೋಪಾನವಾಗಿಡಬೇಕು. ಮುಂದೊಂದು ದಿನ ಅದೇ ಹಕ್ಕಿನ ಪುರಾವೆ.

ಚಿತ್ರ ಮುಕ್ತವಾಗಿದ್ದರೂ ಬೇರೆ ಕಾನೂನು ಅಡ್ಡಬರಬಹುದು. ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಕಾಯಿದೆ, 1950ರ ಪ್ರಕಾರ ಮಹಾತ್ಮಾ ಗಾಂಧಿ, ಛತ್ರಪತಿ ಶಿವಾಜಿ, ಪ್ರಧಾನಮಂತ್ರಿ ಇವರ ಹೆಸರು ಅಥವಾ ಚಿತ್ರವನ್ನು ಸರ್ಕಾರದ ಅನುಮತಿಯಿಲ್ಲದೆ ವ್ಯಾಪಾರದ ಉದ್ದೇಶಕ್ಕೆ ಬಳಸುವಂತಿಲ್ಲ. ತಯಾರಕರ ಮತ್ತು ಮುದ್ರಕರ ಹೆಸರು ಮಾತ್ರವಿದ್ದು ಸರಕಿನ ಜಾಹೀರಾತಿಗೆ ಬಳಕೆಯಾಗದ ಕ್ಯಾಲೆಂಡರುಗಳಿಗೆ ವಿನಾಯಿತಿ ಉಂಟು. ಚೀಲದ ಮೇಲೆ, ಪೆಟ್ಟಿಗೆಯ ಮೇಲೆ ಆ ವಿನಾಯಿತಿ ಇಲ್ಲ.

ಕೃತಿಸ್ವಾಮ್ಯಕ್ಕೆ ಕಾನೂನು ಅವಧಿ ಹಾಕಿರುವುದು ಒಂದು ವ್ಯವಹಾರದ ಒಪ್ಪಂದದಂತೆ. ಕೃತಿ ರಚಿಸಿದವರಿಗೆ ಗೊತ್ತಾದ ಕಾಲದವರೆಗೆ ಪ್ರತಿಫಲ. ಆ ಕಾಲ ಮುಗಿದ ಮೇಲೆ ಅದು ಸಮಾಜದ ಪಾಲು. ಲಕ್ಕುಂಡಿಯ ಚಿತ್ರಕ್ಕೆ ಹಣ ಕೊಟ್ಟವರು ತಮ್ಮದೇ ಪಾಲನ್ನು ಮತ್ತೆ ಕೊಂಡಂತಾಗುತ್ತದೆ. 1980ರ ಚಿತ್ರಕ್ಕೆ ನಿಜವಾದ ಹಕ್ಕುದಾರರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು ಪ್ರಾಮಾಣಿಕ ವ್ಯಾಪಾರದ ಧರ್ಮ. ನೋಟೀಸಿನಲ್ಲಿ ನಮೂದಿಸಿದ ಒಟ್ಟು ಮೊತ್ತವನ್ನು ನೋಡಿ ಗಾಬರಿಯಾಗದೆ, ಒಂದೊಂದು ಚಿತ್ರದ ವರ್ಷವನ್ನೂ ಒಡೆತನವನ್ನೂ ಬೇರೆ ಬೇರೆಯಾಗಿ ಪರಿಶೀಲಿಸಿ ಉತ್ತರಿಸುವ ಕ್ರಮವನ್ನು ವ್ಯಾಪಾರಸ್ಥರು ರೂಢಿಸಿಕೊಳ್ಳುವುದು ಒಳಿತು.